ಬತ್ತಿ ಆಂಟಿ ಮತ್ತು ನಮ್ಮ ಮನೆಯ ಬೀಗ

ಕುಕ್ಕರಿನ ಹಳೆಯ ಗ್ಯಾಸ್ಕೆಟ್ ಎಲ್ಲಿಟ್ಟೆನೆಂದು ಅಡುಗೆಮನೆಯ ಸಜ್ಜಾದ ಮೇಲೆ ತಡಕಾಡುತ್ತಿದ್ದಾಗ ಒಂದು ತಗಡಿನ ಬಿಸ್ಕತ್ತು ಡಬ್ಬ ಕೈಗೆ ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಚಮಚದ ಹಿಡಿಯಿಂದ ಮೀಟಿ ತೆಗೆದರೆ ಒಳಗೆ ಹತ್ತಿಯ ಬತ್ತಿಗಳು. ಮೂಗಿಗೆ ಬಂದದ್ದು ಹತ್ತಿಯ ವಾಸನೆಯಲ್ಲ, ವಿಭೂತಿಯದು. ಹೊಸೆಯುವಾಗ ಬೆರಳು ಜಾರದಿರಲಿ ಎಂದು ಬತ್ತಿ ಆಂಟಿ ವಿಭೂತಿ ಮುಟ್ಟಿಕೊಳ್ಳುತ್ತಿದ್ದರು. ಇಷ್ಟು ವರ್ಷವಾದರೂ ಆ ವಾಸನೆ ಹಾಗೇ ಉಳಿದಿತ್ತು… ಸ್ಟೂಲಿನ ಮೇಲೆ ನಿಂತಿದ್ದವಳು ಹಾಗೇ ಕೆಳಗಿಳಿದು ಕೂತುಬಿಟ್ಟೆ.

ಡಬ್ಬದಲ್ಲಿ ಎರಡು ಬಗೆಯ ಬತ್ತಿಗಳಿದ್ದವು. ಕೆಲವು ಒಂದೇ ಅಳತೆಯವು, ಗಟ್ಟಿಯಾದವು. ಉಳಿದವು ಒಂದು ಕಡೆ ದಪ್ಪ, ಇನ್ನೊಂದು ಕಡೆ ಎಳೆ ಬಿಟ್ಟುಕೊಂಡವು. ಸೊಟ್ಟಗಿದ್ದವು ನಮ್ಮ ಅತ್ತೆ ಹೊಸೆದವು. ನೆಟ್ಟಗಿದ್ದವು ಬತ್ತಿ ಆಂಟಿಯವು. ಅವರ ಹೆಸರೇನೆಂದು ನನಗೆ ಗೊತ್ತಿಲ್ಲ. ಎರಡು ವರ್ಷ ವಾರಕ್ಕೆರಡು ಸಲ ನಮ್ಮ ಮನೆಗೆ ಬಂದವರ ಹೆಸರು ಗೊತ್ತಿಲ್ಲ ಎಂದು ಬರೆಯುವಾಗ ನಾಚಿಕೆಯಾಗುತ್ತದೆ. ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ.

ಆಗಲೂ ನಾವು ಬನಶಂಕರಿ ಎರಡನೇ ಹಂತದ ಇದೇ ಮನೆಯಲ್ಲಿದ್ದೆವು. ಅತ್ತೆಗೆ ಮರೆವಿನ ಕಾಯಿಲೆ. ಮೊದಮೊದಲು ಹಾಲಿಗೆ ಉಪ್ಪು ಹಾಕುವುದು, ಸತ್ತವರನ್ನು ಊಟಕ್ಕೆ ಕರೆಯುವುದು, ಇಷ್ಟೇ ಇತ್ತು. ಆಮೇಲೆ ಹೊರಗೆ ಹೊರಟುಬಿಡುವುದು ಶುರುವಾಯಿತು. ಒಂದು ಮಧ್ಯಾಹ್ನ ನಾನು ಬಟ್ಟೆ ಒಣಹಾಕಲು ತಾರಸಿಗೆ ಹೋಗಿ ಬರುವಷ್ಟರಲ್ಲಿ ಅವರು ಇರಲಿಲ್ಲ. ಕೊನೆಗೆ ಕನಕಪುರ ರಸ್ತೆಯ ನಡುವೆ, ಬರಿಗಾಲಲ್ಲಿ, ಬಸ್ಸುಗಳಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಅವತ್ತೇ ನಮ್ಮವರು ಮುಂದಿನ ವರಾಂಡದ ಗ್ರಿಲ್ ಗೇಟಿಗೆ ದೊಡ್ಡ ಬೀಗ ತಂದು ಹಾಕಿದರು. ಕೀ ನನ್ನ ಸೊಂಟಕ್ಕೆ ಬಂತು.

ಬೀಗ ಅತ್ತೆಗೆಂದು ತಂದದ್ದು. ಒಳಗೆ ಉಳಿದವರು ಮಾತ್ರ ಇಬ್ಬರು. ನಮ್ಮವರು ಬೆಳಿಗ್ಗೆ ಏಳಕ್ಕೆ ಹೋದರೆ ಬರುತ್ತಿದ್ದದ್ದು ರಾತ್ರಿ ಎಂಟಕ್ಕೆ. ನೋಡಿಕೊಳ್ಳಲು ಇಬ್ಬರನ್ನು ಇಟ್ಟು ನೋಡಿದೆವು. ಒಬ್ಬಳಿಗೆ ಅತ್ತೆ ಕಚ್ಚಿದರು, ಇನ್ನೊಬ್ಬಳು ಹಬ್ಬಕ್ಕೆಂದು ಊರಿಗೆ ಹೋದವಳು ತಿರುಗಿ ನೋಡಲಿಲ್ಲ. ತರಕಾರಿ, ಹಾಲು, ಔಷಧಿ ಎಲ್ಲ ಗ್ರಿಲ್ಲಿನ ಸಂದಿಯಿಂದಲೇ ಒಳಗೆ ಬರುತ್ತಿತ್ತು. ಕುಂಬಳಕಾಯಿ ಸಂದಿಯಲ್ಲಿ ತೂರುವುದಿಲ್ಲವೆಂದು ನಮ್ಮ ಮನೆಯಲ್ಲಿ ಅದರ ಹುಳಿಯೇ ನಿಂತುಹೋಗಿತ್ತು.

ಎಲ್ಲಕ್ಕಿಂತ ಕಷ್ಟದ್ದು ಗೇಟಿನ ಹತ್ತಿರದ ಕೂಗು. ಅತ್ತೆ ಕಂಬಿ ಹಿಡಿದು ನಿಂತು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆಯುತ್ತಿದ್ದರು. "ಅಮ್ಮಾ, ಬಾಗ್ಲು ತೆಗೀರಮ್ಮಾ… ಅಣ್ಣಾ, ನನ್ನ ಕೂಡ್ಹಾಕಿದಾಳಪ್ಪಾ ಇವ್ಳು…" ಕಾಲೇಜಿನ ಹುಡುಗಿಯರು ನಗುತ್ತಿದ್ದರು. ಕೊರಿಯರಿನವನು ಪೊಟ್ಟಣ ಎಸೆದು ಓಡುತ್ತಿದ್ದ. 'ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ' ಎಂದು ಯಾರೋ ನನಗೆ ಕೇಳುವ ಹಾಗೇ ಅಂದುಕೊಂಡು ಹೋಗಿದ್ದರು. ಹೆಚ್ಚಿನವರು ಮಾತ್ರ ನಮ್ಮ ಮನೆ ಬರುತ್ತಲೇ ನಡಿಗೆ ಜೋರು ಮಾಡಿ, ಫೋನ್ ನೋಡಿಕೊಂಡು ದಾಟಿಬಿಡುತ್ತಿದ್ದರು. ಅವರ ತಪ್ಪೂ ಇಲ್ಲ ಬಿಡಿ. ನಾನೇ ಅವರ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ.

ಒಂದು ಮಂಗಳವಾರ ಸಂಜೆ ಯಾರೋ ನಿಂತರು.

ಅರವತ್ತು ದಾಟಿದ ಹೆಂಗಸು. ಸಾಸಿವೆ ಬಣ್ಣದ ನೂಲಿನ ಸೀರೆ, ಹಣೆ ತುಂಬ ವಿಭೂತಿ, ಕೈಯಲ್ಲಿ ಜವಳಿ ಅಂಗಡಿಯ ಬಟ್ಟೆ ಚೀಲ. ನಾನು ಒಳಗೆ ರಾಗಿ ಹಿಟ್ಟು ಕಲಸುತ್ತಿದ್ದೆ. ಅತ್ತೆಯ ಕೂಗಿಗೆ ಉತ್ತರವಾಗಿ ಇನ್ನೊಂದು ದನಿ ಕೇಳಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಅಷ್ಟರಲ್ಲಿ ಅತ್ತೆ ನನ್ನ ಮೇಲಿನ ಆರೋಪಗಳನ್ನೆಲ್ಲ ಒಪ್ಪಿಸಿಯಾಗಿತ್ತು. ಊಟ ಹಾಕುವುದಿಲ್ಲ, ಹೊಡೆಯುತ್ತೇನೆ, ಅವರ ಮನೆಯನ್ನು ಕಿತ್ತುಕೊಂಡಿದ್ದೇನೆ.

"ಏನಮ್ಮಾ, ನೋಡಿದ್ರೆ ಓದಿದವ್ಳ ಥರ ಇದೀಯ," ಆ ಹೆಂಗಸು ಗದರಿದರು. "ವಯಸ್ಸಾದವ್ರನ್ನ ಹಿಂಗೆ ಬೀಗ ಜಡಿದು ಇಡ್ತಾರಾ? ಪೊಲೀಸ್ನೋರ್ನ ಕರೀಲಾ?"

ವಿವರಿಸಿ ಹೇಳಬಹುದಿತ್ತು. ಎಷ್ಟೋ ಜನಕ್ಕೆ ಹೇಳಿದ್ದೆ. ಅವತ್ತು ಯಾಕೋ ತಡೆಯಲಾಗಲಿಲ್ಲ. "ಕರೀರಿ," ಎಂದೆ. "ದಯವಿಟ್ಟು ಕರೀರಿ. ನನ್ನನ್ನೇ ಎತ್ತಾಕ್ಕೊಂಡ್ ಹೋಗ್ಲಿ. ಲಾಕಪ್ಪಲ್ಲಾದ್ರೂ ಒಂದಿನ ನಿದ್ದೆ ಮಾಡ್ತೀನಿ." ಅಂದವಳೇ ಹಿಟ್ಟಿನ ಕೈಯಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ನಾನು ಅತ್ತದ್ದು ನೋಡಿ ಅತ್ತೆಯೂ ಅಳತೊಡಗಿದರು.

ಆಕೆ ನಮ್ಮಿಬ್ಬರನ್ನೂ ನೋಡಿದರು. "ಶಿವಾ ಶಿವಾ…" ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು. "ನೀನು ಈ ಗೇಟಿಂದ ಆಚೆ ಹೋಗಿ ಎಷ್ಟು ದಿನ ಆಯ್ತು?"

ನಾನು ಲೆಕ್ಕ ಹಾಕಲು ನೋಡಿದೆ. ಯುಗಾದಿಗೆ ಮುಂಚೆ ಒಮ್ಮೆ ಬ್ಯಾಂಕಿಗೆ ಹೋಗಿದ್ದೆ. ಈಗ ನೋಡಿದರೆ ನಮ್ಮ ಬೀದಿಯಲ್ಲಿ ಗಣಪತಿ ಕೂರಿಸಲು ಚಪ್ಪರ ಏಳುತ್ತಿತ್ತು.

"ಬೀಗ ತೆಗಿ. ನಾನು ಇವ್ರ ಹತ್ರ ಕೂತಿರ್ತೀನಿ. ನೀನು ಹೋಗಿ ಒಂದ್ ಸುತ್ತು ಹಾಕ್ಕೊಂಡ್ ಬಾ."

ನಾನು ತೆಗೆಯಲಿಲ್ಲ. ಗುರುತಿಲ್ಲ ಪರಿಚಯವಿಲ್ಲ, ಬೀದಿಯಲ್ಲಿ ಹೋಗುವವರನ್ನು ಒಳಗೆ ಬಿಟ್ಟುಕೊಳ್ಳುವುದುಂಟೇ? ಪೇಪರಿನಲ್ಲಿ ದಿನಾ ಓದುತ್ತೇವೆ. ಅವರಿಗೆ ಬೇಸರವಾದ ಹಾಗೆ ಕಾಣಲಿಲ್ಲ. ಶುಕ್ರವಾರ ಮಧ್ಯಾಹ್ನ ಮತ್ತೆ ಬಂದು, ಗೇಟಿನ ಆಚೆಯೇ ನಿಂತು ಅತ್ತೆಯ ಜೊತೆ ಹತ್ತು ನಿಮಿಷ ಮಾತಾಡಿ ಹೋದರು. ಬನಶಂಕರಮ್ಮನ ದೇವಸ್ಥಾನಕ್ಕೆ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಮಂಗಳವಾರ, ಶುಕ್ರವಾರ ಬರುತ್ತಿದ್ದರಂತೆ. ಚೀಲದಲ್ಲಿ ರಾಶಿ ಬತ್ತಿ ಇರುತ್ತಿತ್ತು. ತಮ್ಮ ದೀಪಕ್ಕೆ ಬೇಕಾದದ್ದು ಒಂದೋ ಎರಡೋ. ಉಳಿದದ್ದು, ನಿಂಬೆಹಣ್ಣು ತಂದು ಬತ್ತಿ ಮರೆತವರಿಗೆ. "ದಿನಾ ಯಾರಾದ್ರೂ ಮರ್ತೇ ಮರೀತಾರೆ," ಎಂದರು.

ಮೂರನೆಯ ಸಲ ಬಂದಾಗ ಬೀಗ ತೆಗೆದೆ. ಅದಕ್ಕೆ ಮುಂಚೆ "ಒಂದ್ನಿಮಿಷ" ಎಂದು ಒಳಗೆ ಓಡಿ, ಅತ್ತೆಯ ಎರಡು ಬಂಗಾರದ ಬಳೆಗಳನ್ನು ಅಕ್ಕಿ ಡಬ್ಬದ ತಳಕ್ಕೆ ತುರುಕಿ ಬಂದೆ. ಅವರು ನನ್ನ ಮೊಣಕೈ ನೋಡಿ ನಕ್ಕರು. ಅಲ್ಲಿ ನಾಲ್ಕು ಅಕ್ಕಿ ಕಾಳು ಅಂಟಿಕೊಂಡಿದ್ದವು.

"ಅಕ್ಕೀಲಿ ಇಟ್ಯಾ? ಒಳ್ಳೇದಾಯ್ತು. ಈಗ ನಮ್ಮಿಬ್ಬರನ್ನೂ ಒಳಗೆ ಹಾಕಿ ಬೀಗ ಹಾಕ್ಕೊಂಡೇ ಹೋಗು. ನಿಂಗೆ ಸಮಾಧಾನ."

ನೆಲ ಬಿರಿದರೆ ಒಳಗೆ ಹೋಗಿಬಿಡಬೇಕು ಅನ್ನಿಸಿತು. ಆದರೂ ಬೀಗ ಹಾಕಿಕೊಂಡೇ ಹೋದೆ, ಸುಳ್ಳೇಕೆ. ಹೋಗಿ ಬೀದಿ ಮೂಲೆಯ ಹೊಂಗೆ ಮರದ ಹಿಂದೆ ನಿಂತು ಇಪ್ಪತ್ತು ನಿಮಿಷ ನಮ್ಮ ಮನೆಯ ಗೇಟನ್ನೇ ಕಾಯ್ದೆ. ಒಳಗಿಂದ ಕೂಗು ಬರಲಿಲ್ಲ. ಅದೇ ಭಯವಾಗಿ ಓಡಿಬಂದು ನೋಡಿದರೆ, ಇಬ್ಬರೂ ವರಾಂಡದಲ್ಲಿ ಎದುರುಬದುರು ಕುರ್ಚಿ ಹಾಕಿಕೊಂಡು ಬತ್ತಿ ಹೊಸೆಯುತ್ತಿದ್ದರು. ನನ್ನ ಹೆಸರು ಮರೆತಿದ್ದ ಅತ್ತೆಯ ಬೆರಳಿಗೆ ಹತ್ತಿ ಹಿಂಜುವುದು ನೆನಪಿತ್ತು.

ಕೆಲವು ವಾರಗಳಾದ ಮೇಲೆ, ನನ್ನ ಸಣ್ಣತನ ನನಗೇ ಚುಚ್ಚತೊಡಗಿ, ಕೀಯನ್ನು ಅವರ ಕೈಗೇ ಕೊಡಲು ಹೋದೆ. ಅವರು ಕೈ ಹಿಂದಕ್ಕೆಳೆದುಕೊಂಡರು.

"ಬೇಡ ಕಣೆ. ಕೀ ನನ್ನ ಹತ್ರ ಇದ್ರೆ ನಾನೂ ಜೈಲರ್ ಆಗ್ಬಿಡ್ತೀನಿ, ತೆಗಿ ತೆಗಿ ಅಂತ ನನ್ನ ಜೀವ ತಿಂತಾರೆ. ಈಗ ನೋಡು, ನಾವಿಬ್ರೂ ಒಂದೇ ಪಾರ್ಟಿ."

ಆಗಲೇ ನನಗೆ ಹೊಳೆದದ್ದು. ಅತ್ತೆ ಸುಮ್ಮನಿರುತ್ತಿದ್ದದ್ದು ಬತ್ತಿಯಿಂದ ಮಾತ್ರವಲ್ಲ. ತಮ್ಮ ಹಾಗೆಯೇ ಸಿಕ್ಕಿಬಿದ್ದ ಇನ್ನೊಬ್ಬಳು ಸಿಕ್ಕಳಲ್ಲ ಎಂಬ ನೆಮ್ಮದಿ. ನಾನು ಹೊರಗೆ ಹೋಗಿ ಬೀಗ ಹಾಕುತ್ತಿದ್ದಂತೆ ಅವರು ಆಂಟಿಯ ಕೈ ಹಿಡಿದು, "ನಿನ್ನನ್ನೂ ಹಾಕಿದ್ಲಾ? ಅಳ್ಬೇಡ, ಸಂಜೆ ನನ್ ಮಗ ಬರ್ತಾನೆ, ಇಬ್ರನ್ನೂ ಬಿಡಿಸ್ತಾನೆ," ಎಂದು ಸಮಾಧಾನ ಹೇಳುತ್ತಿದ್ದರು. ಅಷ್ಟು ಕಾಲ ನಾನು ಕೀ ಹಿಡಿದುಕೊಂಡು ಅವರ ಪಕ್ಕದಲ್ಲೇ ಇದ್ದೆ. ಈ ಉಪಾಯ ನನಗೆ ಹೊಳೆಯುವುದು ಸಾಧ್ಯವೂ ಇರಲಿಲ್ಲ.

ನನ್ನ ಅರ್ಧ ಗಂಟೆಗಳು… ಅವುಗಳ ಬಗ್ಗೆ ಹೇಳಿದರೆ ನಗುತ್ತೀರಿ. ದರ್ಶಿನಿಯಲ್ಲಿ ನಿಂತು, ಬಿಸಿ ಆರುವ ಮೊದಲೇ ಒಂದು ಇಡೀ ಲೋಟ ಕಾಫಿ ಕುಡಿಯುವುದು. ಪಾರ್ಕಿನ ಬೆಂಚಿನಲ್ಲಿ ಸುಮ್ಮನೆ ಕೂರುವುದು. ಒಂದು ಸಲ ಮೆಟ್ರೋ ಹತ್ತಿ ಒಂದೇ ಒಂದು ಸ್ಟೇಷನ್ ಹೋಗಿ, ಇಳಿದು, ಎದುರಿನ ರೈಲಿನಲ್ಲಿ ವಾಪಸ್ ಬಂದೆ. ಒಂದು ದಿನ ಇಡೀ ಕುಂಬಳಕಾಯಿಯನ್ನೇ ತೆಕ್ಕೆಯಲ್ಲಿ ಹಿಡಿದು ತಂದೆ. ಅದನ್ನು ನೋಡಿ ಆಂಟಿ, ಇದೇನು ಕೂಸೇ ಎಂದು ಕೇಳಿದ್ದರು.

ಎದುರು ಮನೆಯವರಿಗೆ ಇದು ಸರಿಬರಲಿಲ್ಲ. ಒಂದು ದಿನ ತಮ್ಮ ಗೇಟಿನಿಂದಲೇ ಕರೆದು, "ಯಾರು ಏನು ಅಂತ ವಿಚಾರಿಸಿದೀರಾ? ಉಂಡೂ ಹೋದ ಕೊಂಡೂ ಹೋದ ಅನ್ನೋ ಥರ ಆಗುತ್ತೆ ನೋಡಿ," ಎಂದರು. ಹನ್ನೊಂದು ವರ್ಷ ಎದುರಿಗೇ ಇದ್ದವರು ಹೇಳಿದ ಮೊದಲ ಕಾಳಜಿಯ ಮಾತು ಅದು. ನನಗೆ ಮೈ ಉರಿಯಿತು. ಆದರೆ ಅವರು ಕೇಳಿದ್ದರಲ್ಲಿ ಒಂದು ಸರಿ ಇತ್ತು. ನಾನು ವಿಚಾರಿಸಿರಲಿಲ್ಲ. ಹೆಸರೇನು, ಮನೆ ಎಲ್ಲಿ, ಮನೆಯಲ್ಲಿ ಯಾರಿದ್ದಾರೆ, ಏನೂ ಕೇಳಿರಲಿಲ್ಲ. ಮಗನ ಮನೆಯಲ್ಲಿದ್ದೇನೆ, ಬಿಳೇಕಹಳ್ಳಿ ಕಡೆ, ಎಂದು ಅವರೇ ಒಮ್ಮೆ ಅಂದಿದ್ದರು. ಅವರ ಹತ್ತಿರ ಫೋನ್ ಇರಲಿಲ್ಲ. ಹಾಗೆ ಏನೂ ಕೇಳದಿದ್ದದ್ದನ್ನು ನಂಬಿಕೆ ಎಂದು ನಾನು ಅಂದುಕೊಂಡಿದ್ದೆ. ನಂಬಿಕೆಯಲ್ಲ ಅದು. ಕೇಳಿದರೆ ಅವರಿಗೂ ಒಂದು ಮನೆ, ಒಂದು ಕಷ್ಟ ಇರುವುದು ಗೊತ್ತಾಗುತ್ತಿತ್ತು. ಗೊತ್ತಾದರೆ ನನ್ನ ಅರ್ಧ ಗಂಟೆ ಕರಗುತ್ತಿತ್ತು.

ಅವರು ಹೇಳಿದ ಹೊತ್ತಿಗೆ ಸರಿಯಾಗಿ ಬಂದದ್ದು ಅಪರೂಪ. ದಾರಿಯಲ್ಲಿ ಯಾರದೋ ದುಪಟ್ಟಾ ಸ್ಕೂಟರಿನ ಚಕ್ರಕ್ಕೆ ಸಿಕ್ಕಿರುತ್ತಿತ್ತು, ಬಿಡಿಸಲು ನಿಂತಿರುತ್ತಿದ್ದರು. ಊರಿಂದ ಬಂದ ಯಾರೋ ಬಸ್ ಸ್ಟ್ಯಾಂಡಿನಲ್ಲಿ ಬೇಗೂರಿನ ಬಸ್ ಯಾವುದೆಂದು ಕೇಳಿರುತ್ತಿದ್ದರು, ಅವರನ್ನು ಹತ್ತಿಸಿಯೇ ಬರುತ್ತಿದ್ದರು. ನಾನು ಸಿಡುಕುತ್ತಿದ್ದೆ. ನನ್ನ ಅರ್ಧ ಗಂಟೆಯನ್ನು ಯಾರ್ಯಾರೋ ತಿಂದುಹಾಕುತ್ತಾರಲ್ಲ ಎಂದು ನಿಜಕ್ಕೂ ಹೊಟ್ಟೆಕಿಚ್ಚಾಗುತ್ತಿತ್ತು. "ಊರಿನ ಉಸಾಬರಿ ಎಲ್ಲಾ ನಿಮಗೇ ಯಾಕೆ ಆಂಟಿ? ಪುಣ್ಯ ಸಾಕಾಗ್ಲಿಲ್ವಾ?" ಎಂದು ಒಮ್ಮೆ ಛೇಡಿಸಿದ್ದೆ.

"ಪುಣ್ಯನೂ ಇಲ್ಲ, ಮಣ್ಣೂ ಇಲ್ಲ," ಎಂದರು ಹತ್ತಿ ಹಿಂಜುತ್ತಾ. "ಕರೆದ್ರೆ ನಿಲ್ಲೋದು ಕಾಲಿಗೆ ಅಭ್ಯಾಸ ಆಗ್ಬಿಟ್ಟಿದೆ, ಅಷ್ಟೇ. ನಿಂತ್ಮೇಲೆ ಏನ್ ಮಾಡ್ಬೇಕು ಅಂತ ತಾನಾಗೇ ಗೊತ್ತಾಗುತ್ತೆ. ಜನಕ್ಕೆ ನಿಲ್ಲೋದೇ ಕಷ್ಟ."

ಕೊನೆಯ ದಿನ ಶುಕ್ರವಾರ. ಕೊನೆಯದೆಂದು ಆಗ ಗೊತ್ತಿರಲಿಲ್ಲ. ಆಂಟಿ ಬಂದದ್ದೇ ತಡವಾಗಿ, ಹನ್ನೆರಡೂವರೆಗೆ. ಕುರ್ಚಿಯಲ್ಲಿ ಕೂರುವಾಗ ತೋಳಿನ ಮೇಲೆ ಭಾರ ಬಿಟ್ಟು ಕೂತರು. ಪಾದಗಳು ಊದಿದ್ದವು. ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಅಚ್ಚೊತ್ತಿದ್ದು ನನಗೆ ಕಂಡಿತ್ತು. ಕಂಡಿತ್ತು, ನಿಜ… ಆದರೆ ನಾನಾಗಲೇ ಕೀ ಕೈಯಲ್ಲಿ ಹಿಡಿದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ.

"ಇವತ್ತು ಹೋಗ್ಲೇಬೇಕಾ?" ಎಂದರು. "ಒಂಚೂರು ನನ್ ಜೊತೆ ಕೂತ್ಕೊಳ್ಳೇ. ಏನೋ ಮಾತಾಡ್ಬೇಕಿತ್ತು."

ಎರಡು ವರ್ಷದಲ್ಲಿ ಅವರು ನನ್ನಿಂದ ಕೇಳಿದ್ದು ಅದೊಂದೇ. ಒಂದು ಲೋಟ ಕಾಫಿ ಕೂಡ ಕೇಳಿದವರಲ್ಲ.

"ಬೇಗ ಬಂದ್ಬಿಡ್ತೀನಿ ಆಂಟಿ. ಬಂದ್ಮೇಲೆ ಮಾತಾಡೋಣ," ಎಂದು ಬೀಗ ಹಾಕಿ ನಡೆದೆ.

ಅವತ್ತು ನನಗೆ ಹೊರಗೆ ಯಾವ ಕೆಲಸವೂ ಇರಲಿಲ್ಲ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ನಮ್ಮವರಿಗೂ ಹೇಳಿಲ್ಲ. ಕಾಫಿ ಕುಡಿದೆ. ಪಾರ್ಕಿನಲ್ಲಿ ಕೂತೆ. ವಾಪಸ್ ಹೋದರೆ ಅವರ ಕಷ್ಟ ಕೇಳಬೇಕಾಗುತ್ತದೆ, ಒಂದು ಮನೆಯ ಕಷ್ಟ ಹೊರುವುದೇ ಸಾಕಾಗಿದೆ ಎಂದುಕೊಂಡು ಇನ್ನೊಂದು ಸುತ್ತು ಹಾಕಿದೆ. ಮನೆಗೆ ಬಂದಾಗ ಐವತ್ತು ನಿಮಿಷ ಆಗಿತ್ತು.

ಗೇಟಿನ ಹತ್ತಿರ ಆಂಟಿ ನಿಂತಿದ್ದರು. ದಿನಾ ಅತ್ತೆ ನಿಲ್ಲುವ ಜಾಗದಲ್ಲಿ, ಎರಡು ಕೈಯಿಂದಲೂ ಕಂಬಿ ಹಿಡಿದು, ಬೀದಿಯ ಕಡೆ ನೋಡುತ್ತಾ. ಅವರ ಹಿಂದೆ ಅತ್ತೆ ಅವರ ಬೆನ್ನು ಸವರುತ್ತಿದ್ದರು.

"ಬಂದ್ಯಾ," ಎಂದರು ಆಂಟಿ.

"ಸಾರಿ ಆಂಟಿ, ಲೇಟಾಗ್ಹೋಯ್ತು. ಏನೋ ಮಾತಾಡ್ಬೇಕು ಅಂದ್ರಲ್ಲ?"

"ಇನ್ನೊಂದಿನ ಹೇಳ್ತೀನಿ ಬಿಡು. ಬಸ್ ಹೋಗ್ಬಿಡುತ್ತೆ." ಚೀಲವನ್ನು ಕುರ್ಚಿಯ ಪಕ್ಕದಲ್ಲೇ ಮರೆತಿದ್ದರು. ನಾನೇ ತಂದು ಕೊಟ್ಟೆ. ಇಬ್ಬರೂ ಹೊಸೆದ ಬತ್ತಿಯ ಡಬ್ಬ ಮಾತ್ರ ಇಲ್ಲೇ ಉಳಿಯಿತು. ಹೊಂಗೆ ಮರದ ತನಕ ನಿಧಾನಕ್ಕೆ ನಡೆದು ಹೋಗುವುದನ್ನು ನೋಡಿದೆ. ಆಮೇಲೆ ಗೇಟಿಗೆ ಬೀಗ ಹಾಕಿ, ಅನ್ನಕ್ಕಿಡಲು ಒಳಗೆ ಬಂದೆ.

ಮಂಗಳವಾರ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ಊರಿಗೆ ಹೋಗಿರಬಹುದು ಎಂದುಕೊಂಡೆ. ಮೂರನೆಯ ವಾರಕ್ಕೆ ನಾನೂ ಅತ್ತೆಯ ಹಾಗೆ ಕಂಬಿ ಹಿಡಿದು ಬೀದಿ ನೋಡುವುದು ಶುರುವಾಯಿತು. ಅವರನ್ನು ಹುಡುಕಲು ಹೋಗಬೇಕಾದರೆ ಅತ್ತೆಯ ಹತ್ತಿರ ಕೂರಲು ಯಾರಾದರೂ ಬೇಕಿತ್ತು. ಕೂರುತ್ತಿದ್ದವರು ಅವರೊಬ್ಬರೇ. ಕೊನೆಗೆ ಒಂದು ಶುಕ್ರವಾರ ನಮ್ಮವರು ರಜೆ ಹಾಕಿ, ರಾಹುಕಾಲಕ್ಕೆ ದೇವಸ್ಥಾನಕ್ಕೆ ಹೋಗಿ ಬಂದರು. "ವಿಭೂತಿ ಹಚ್ಕೊಂಡು ದೀಪ ಹಚ್ಚೋ ಹೆಂಗಸ್ರು ಎಷ್ಟೊಂದು ಜನ ಇರ್ತಾರೆ ಮಾರಾಯ್ತಿ! ಹೆಸರೇನು ಅಂತ ಕೇಳಿದ್ರು. ಏನಂತ ಹೇಳ್ಲಿ?" ಎಂದರು.

ಅತ್ತೆ ಕುರ್ಚಿಯನ್ನು ನೋಡಿ ಕೇಳುತ್ತಿದ್ದರು. ಎಲ್ಲವನ್ನೂ ಮರೆಯುತ್ತಿದ್ದವರು ಇದನ್ನು ಮಾತ್ರ ಮರೆಯಲಿಲ್ಲ. "ಅವಳನ್ನ ಬಿಟ್ಬಿಟ್ರಾ?"

"ಹೂಂ ಅಮ್ಮಾ. ಬಿಟ್ಬಿಟ್ರು."

"ಒಳ್ಳೇದಾಯ್ತು. ಪಾಪ, ಅವತ್ತು ತುಂಬ ಅತ್ಲು."

ನಾನು ಅವರ ಮುಂದೆ ಕುಕ್ಕರುಗಾಲಲ್ಲಿ ಕೂತು, ಯಾವತ್ತು, ಏನೆಂದು ಅತ್ತರು, ಏನಾದರೂ ಹೇಳಿದರಾ ಎಂದು ಮತ್ತೆ ಮತ್ತೆ ಕೇಳಿದೆ. ಅಷ್ಟರಲ್ಲಿ ಅವರ ಮನಸ್ಸು ಬೇರೆಲ್ಲಿಗೋ ಹೋಗಿತ್ತು. ಆಂಟಿ ಹೇಳಬೇಕೆಂದಿದ್ದ ಮಾತನ್ನು ಹೇಳಿಯೇ ಇದ್ದರೇನೋ. ಕೇಳಿಸಿಕೊಂಡವರು ಅತ್ತೆ. ಅವರ ತಲೆಯಲ್ಲಿ ಅದು ಉಳಿಯಲಿಲ್ಲ.

ಮುಂದಿನ ವರ್ಷ ಅತ್ತೆ ಹೋದರು. ಹದಿಮೂರು ದಿನ ಮುಗಿದ ಮೇಲೆ ನಮ್ಮವರು ಬೀಗ ಕಳಚಿಟ್ಟರು. ಈಗ ನಾನು ಎಲ್ಲಿಗೆ ಬೇಕಾದರೂ ಹೋಗಬಹುದು. ಆದರೆ ಎಲ್ಲಿಗೆ ಹೋದರೂ, ಮದುವೆ ಮನೆಯ ಊಟದ ಪಂಕ್ತಿಯಲ್ಲೂ, ಅರ್ಧ ಗಂಟೆಗೆ ಸರಿಯಾಗಿ ಕೈ ಸೊಂಟದಲ್ಲಿ ಕೀ ಹುಡುಕುತ್ತದೆ. ಯಾರನ್ನೋ ಒಳಗೆ ಹಾಕಿ ಬಂದಿದ್ದೇನೆ ಅನ್ನಿಸುತ್ತದೆ. ಆ ಬೀಗವನ್ನು ಕಳಚುವವರು ಯಾರೂ ಇಲ್ಲ.

ನಾನು ಹುಟ್ಟಾ ದಯಾಳುವಲ್ಲ. ಈಗಲೂ ಯಾರಾದರೂ "ಮೇಡಂ, ಒಂದ್ನಿಮಿಷ" ಎಂದರೆ ಮೊದಲು ಬರುವುದು ಸಿಡುಕೇ. ಆದರೂ ನಿಲ್ಲುತ್ತೇನೆ. ಮೆಟ್ರೋದ ಟಿಕೆಟ್ ಮಷೀನಿನ ಮುಂದೆ ತಬ್ಬಿಬ್ಬಾದ ಅಂಕಲ್ ಇರಲಿ, ವಿಳಾಸದ ಚೀಟಿ ಹಿಡಿದವರಿರಲಿ, ಒಳಗೊಳಗೇ ಬೈದುಕೊಳ್ಳುತ್ತಾ ನಿಲ್ಲುತ್ತೇನೆ. ಕಾಲಿಗೆ ಇನ್ನೂ ಪೂರ್ತಿ ಅಭ್ಯಾಸವಾಗಿಲ್ಲ.

ಹಿಂದಿನ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರ ಮನೆಯಲ್ಲಿ ಹಾಸಿಗೆ ಹಿಡಿದ ಮಾವನಿದ್ದಾರೆ. ಸೊಸೆ ಹುಬ್ಬಳ್ಳಿ ಕಡೆಯವಳು, ಚಿಕ್ಕವಳು, ಕಿಟಕಿಯಲ್ಲೇ ಇರುತ್ತಾಳೆ. ಹೋದ ವಾರ ಹೋಗಿ, ನಾನು ಸ್ವಲ್ಪ ಹೊತ್ತು ಕೂತಿರುತ್ತೇನೆ, ನೀನು ಹೊರಗೆ ಹೋಗಿ ಬಾ ಎಂದೆ. ಅವಳು ಸಂಶಯದಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕೇಳಿದಳು.

"ನಿಮ್ಮ ಹೆಸರೇನ್ರೀ ಆಂಟಿ? ಮನಿ ಎಲ್ಲೈತ್ರಿ?"

ನಾನು ಎರಡು ವರ್ಷದಲ್ಲಿ ಕೇಳದೇ ಇದ್ದದ್ದನ್ನು ಆ ಹುಡುಗಿ ಎರಡು ನಿಮಿಷದಲ್ಲಿ ಕೇಳಿದ್ದಳು. ಹೆಸರು, ಮನೆ ನಂಬರು, ಫೋನ್ ನಂಬರು ಎಲ್ಲ ಬರೆದು ಕಿಟಕಿಯಿಂದ ಕೊಟ್ಟು ಬಂದೆ. ಬಾಗಿಲು ಇನ್ನೂ ತೆಗೆದಿಲ್ಲ. ಮೂರನೆಯ ಸಲಕ್ಕೆ ತೆಗೆಯುತ್ತಾಳೇನೋ.

ಇವತ್ತು ಶುಕ್ರವಾರ. ಗ್ಯಾಸ್ಕೆಟ್ ಸಿಗಲಿಲ್ಲ, ಅನ್ನ ಇನ್ನೂ ಆಗಿಲ್ಲ. ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ವರಾಂಡದಲ್ಲಿ ಕೂತಿದ್ದೇನೆ. ಎದುರಿಗೆ ಆ ಇನ್ನೊಂದು ಕುರ್ಚಿಯನ್ನೂ ಹಾಕಿದ್ದೇನೆ. ಗೇಟು ಪೂರಾ ತೆರೆದಿದೆ. ಗಂಟೆ ಹನ್ನೆರಡೂವರೆ ದಾಟಿತು, ಒಂದಾಯಿತು… ಇವತ್ತು ನಾನು ಎಲ್ಲಿಗೂ ಹೋಗುವುದಿಲ್ಲ ಆಂಟಿ. ಕೂತಿದ್ದೇನೆ. ಏನೋ ಮಾತಾಡಬೇಕು ಎಂದಿದ್ದಿರಲ್ಲ, ಹೇಳಿ.